ಪುಟ್ಟಿ ಮೆತ್ತಿದ ಐದು ಗಾಯಗಳು

ಆ ವರ್ಕ್‌ಶಾಪಿಗೆ ಮೊದಲ ಸಲ ಬಂದ ಗಿರಾಕಿಗಳು ಅಣ್ಣನಿಗೆ ತಲೆ ಸರಿಯಿಲ್ಲ ಎಂದುಕೊಳ್ಳುತ್ತಿದ್ದರು. ಎರಡನೆಯ ಸಲ ಬಂದಾಗ ತಮ್ಮನಿಗೂ ಸರಿಯಿಲ್ಲವೆಂದು ಖಾತ್ರಿಯಾಗುತ್ತಿತ್ತು. ಮೂರನೆಯ ಸಲದ ಹೊತ್ತಿಗೆ ಅಭ್ಯಾಸವಾಗಿಬಿಡುತ್ತಿತ್ತು, ಯಾಕೆಂದರೆ ಕೆಲಸ ಮಾತ್ರ ಚೊಕ್ಕವಾಗಿರುತ್ತಿತ್ತು.

ಅಣ್ಣ ಟಿಂಕರ್. ಗುದ್ದಿಸಿಕೊಂಡು ಬಂದ ಕಾರುಗಳ ತಗಡನ್ನು ಬಡಿದು ನೇರ ಮಾಡುವುದು ಅವನ ಕೆಲಸ. ತಮ್ಮ ಪೇಂಟರ್. ಅಣ್ಣ ನೇರ ಮಾಡಿದ ತಗಡಿಗೆ ತಗ್ಗು ತುಂಬುವ ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆಯುವುದು ಅವನದು. ಒಂದೇ ಕಾರು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಬೇಕಾದ್ದರಿಂದ ದಿನಕ್ಕೆ ಹತ್ತು ಸಲವಾದರೂ ಮಾತು ಬೇಕೇ ಬೇಕು. ಆದರೆ ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಹಾಗಾಗಿ ಕಾರಿನ ಜೊತೆ ಮಾತಾಡುತ್ತಿದ್ದರು.

“ಏನಮ್ಮಾ, ನಿನ್ನ ಎಡಗಡೆ ಬಾಗಿಲು ಒಣಗಿತೋ ಇಲ್ವೋ?” ಎಂದು ಅಣ್ಣ ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳುತ್ತಿದ್ದ.

“ನಾಳೆ ಬೆಳಿಗ್ಗೆ ತನಕ ಯಾರೂ ಮುಟ್ಟಬಾರದು ಅಂತ ಹೇಳು,” ಎಂದು ತಮ್ಮ ಡಿಕ್ಕಿಯ ಕಡೆಯಿಂದ ಅದೇ ಕಾರಿಗೆ ಹೇಳುತ್ತಿದ್ದ. “ಹೋದ ಸಲ ಒಣಗೋ ಮುಂಚೆ ಯಾರೋ ಮೇಲೆ ಸುತ್ತಿಗೆ ಇಟ್ಟಿದ್ರು ಅಂತಾನೂ ಹೇಳು.”

“ಯಾರೋ ಅಂದ್ರೆ ಯಾರು ಅಂತ ಕೇಳು.”

ಕಾರಿನ ಮಾಲೀಕ ನಡುವೆ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸುತ್ತಿದ್ದ. ಕಾರು ಮಾತ್ರ ಯಾರ ಪಕ್ಷವನ್ನೂ ವಹಿಸುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ಒಂದು ರೇಡಿಯೇಟರಿನ ಮುಚ್ಚಳ. ಬಿಗಿಯಾಗಿ ಮುಚ್ಚಿದ ರೇಡಿಯೇಟರಿನೊಳಗೆ ಒತ್ತಡ ಹೆಚ್ಚಿರುತ್ತದೆ. ಒತ್ತಡ ಹೆಚ್ಚಿದಷ್ಟೂ ನೀರು ಕುದಿಯುವ ಮಟ್ಟ ಮೇಲೇರುತ್ತದೆ. ನೂರು ಡಿಗ್ರಿ ದಾಟಿದ ನೀರು ಕೂಡ ಒಳಗೆ ಸಾಧುವಿನ ಹಾಗೆ ತೆಪ್ಪಗೆ ಕೂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಆ ಸಾಧುತನ ಮುಗಿಯುತ್ತದೆ. ಹನ್ನೊಂದು ವರ್ಷದ ಹಿಂದೆ ಮುಚ್ಚಳ ತಿರುಗಿಸಿದ್ದು ಅಣ್ಣ. ಬಗ್ಗಿ ನೋಡುತ್ತಿದ್ದದ್ದು ತಮ್ಮ. ಎಡಗೆನ್ನೆ, ದವಡೆ, ಕಿವಿಯ ಕೆಳಭಾಗ ಬೆಂದುಹೋದವು.

ಊರಿಗೆ ಗೊತ್ತಿದ್ದದ್ದು ಇಷ್ಟೇ. ಊರಿಗೆ ಗೊತ್ತಿಲ್ಲದ್ದೊಂದನ್ನು ಪೇಂಟರ್ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಮುಚ್ಚಳಕ್ಕೆ ಕೈಹಾಕುವ ಮೊದಲು ಅಣ್ಣ “ತಣ್ಣಗಾಗಿದೆಯೇನೋ?” ಎಂದು ಕೇಳಿದ್ದ. “ಆಗಿದೆ, ತೆಗಿ,” ಎಂದಿದ್ದು ತಾನು. ಮೇಲಿನ ಪೈಪನ್ನು ಒಮ್ಮೆ ಮುಟ್ಟಿ ನೋಡಿದ್ದರೆ ಸಾಕಿತ್ತು. ಮುಟ್ಟಿರಲಿಲ್ಲ. ಸೋಮಾರಿತನ, ಮತ್ತೇನೂ ಅಲ್ಲ.

ಆಸ್ಪತ್ರೆಯಲ್ಲಿ ಅಣ್ಣ ದಿನಾ ಬಂದು, ಮಂಚದ ಕಾಲ ಕಡೆ ನಿಂತು, ಬಾಯಿ ಬಿಡದೆ ಹೋಗುತ್ತಿದ್ದ. ತಮ್ಮನ ಬಾಯಿಗೆ ಬ್ಯಾಂಡೇಜು. ಬಂದ ನೆಂಟರೆಲ್ಲ ಅಣ್ಣನ ಎಚ್ಚರಗೇಡಿತನವನ್ನು ಬೈದರು, ತಮ್ಮ ತಿದ್ದಲಿಲ್ಲ. ಬ್ಯಾಂಡೇಜು ಬಿಚ್ಚಿದ ವಾರ ತಿದ್ದುವುದು ಸುಲಭವಿತ್ತು. ಒಂದು ವರ್ಷಕ್ಕೆ ಕಷ್ಟವಾಯಿತು. ಹನ್ನೊಂದು ವರ್ಷಕ್ಕೆ ಆ ಎರಡು ಪದ ಗಂಟಲಿನಲ್ಲಿ ಕಲ್ಲಾಗಿ ಕೂತಿದ್ದವು. ಅಣ್ಣನೂ ಒಂದು ಸಲವಾದರೂ ‘ತಪ್ಪಾಯ್ತು’ ಎಂದಿರಲಿಲ್ಲ. ಅದು ಪೇಂಟರಿಗೆ ಒಳಗೊಳಗೇ ಅನುಕೂಲವೂ ಆಗಿತ್ತು. ತಪ್ಪು ಮಾಡಿದವನಿಗೆ ಎದುರಿನವನ ಮೇಲೂ ಒಂದು ದೂರು ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಗಾಯ ಮಾಗಿತು. ಆದರೆ ಕೆನ್ನೆಯ ಚರ್ಮ ಕಾಯಿಸಿದ ಹಾಲಿನ ಕೆನೆ ಮಡಿಚಿಕೊಂಡಂತೆ ನೆರಿಗೆಗಟ್ಟಿ, ತುಟಿಯ ಎಡತುದಿಯನ್ನು ಮೇಲಕ್ಕೆ ಎಳೆದುಕೊಂಡಿತು. ಸುಮ್ಮನಿದ್ದರೂ ನಕ್ಕ ಹಾಗೆ ಕಾಣುತ್ತಿತ್ತು. ನೆರೆಮನೆಯ ಮುದುಕನ ಮಣ್ಣಿಗೆ ಹೋದಾಗ ಅವನ ಮಗಳು “ಏನು ನಗು ಬರೋ ಅಂಥದ್ದು ಆಯ್ತು ಇಲ್ಲಿ?” ಎಂದು ಕೇಳಿದ ಮೇಲೆ ಪೇಂಟರ್ ಮುಖ ತೋರಿಸುವುದನ್ನೇ ಬಿಟ್ಟ. ವರ್ಕ್‌ಶಾಪಿನಲ್ಲಿ ಎರಡು ದುಂಡು ಫಿಲ್ಟರಿನ ರಬ್ಬರ್ ಮಾಸ್ಕು. ಹೊರಗೂ ಮನೆಯಲ್ಲೂ ಬಟ್ಟೆಯ ಮಾಸ್ಕು, ಊಟ ಒಬ್ಬನೇ. ಗೊತ್ತಿಲ್ಲದೆ ಕೇಳಿದವರಿಗೆ “ಪೇಂಟಿನ ಅಲರ್ಜಿ” ಎನ್ನುತ್ತಿದ್ದ. ಚರ್ಚಿನಲ್ಲಿ ಪರಮಪ್ರಸಾದ ತೆಗೆದುಕೊಳ್ಳುವಾಗ ಮಾಸ್ಕನ್ನು ಅರ್ಧ ಇಂಚು ಎತ್ತಿ, ಅಂಚೆಪೆಟ್ಟಿಗೆಗೆ ಕಾಗದ ಹಾಕಿದ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಈಗ ಅವನಿಗೆ ಒಳ್ಳೆಯ ಅವಕಾಶವೊಂದು ಬಂದಿತ್ತು. ಊರಿನ ಆಚೆ ತುದಿಯ ದೊಡ್ಡ ಶೋರೂಮಿನವರು ಕರೆದಿದ್ದರು. ಅಲ್ಲಿ ಗಾಜಿನ ಕೋಣೆಯೊಳಗೆ, ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟು ಬಣ್ಣ ಹೊಡೆಯಬೇಕು. ಗಿರಾಕಿಗಳ ಕಾಟವಿಲ್ಲ, ಅಣ್ಣನಿಲ್ಲ, ಯಾರ ಮುಖವೂ ಯಾರಿಗೂ ಕಾಣದು. ಬರುವ ಸೋಮವಾರದಿಂದ ಕೆಲಸ. ಅವನು ಹೋದರೆ ವರ್ಕ್‌ಶಾಪು ಮುಚ್ಚಿದಂತೆಯೇ. ಬಣ್ಣ ಹೊಡೆಯುವವನಿಲ್ಲದ ಟಿಂಕರ್ ಅಂದರೆ ಒಂಟಿ ಚಪ್ಪಲಿ. ಅಮ್ಮನಿಗೂ ಅತ್ತಿಗೆಗೂ ಹೇಳಿದ್ದ. ಅಣ್ಣನಿಗೆ ಅತ್ತಿಗೆಯಿಂದ ತಿಳಿಯಿತು. ಅವನು ಆ ದಿನ ಒಂದು ಹಳೆಯ ವ್ಯಾನಿನ ಪಕ್ಕ ಬಹಳ ಹೊತ್ತು ಕೂತು, “ಇನ್ನು ಮೇಲೆ ನಿನಗೆ ತುಕ್ಕೇ ಗತಿ ಕಣಮ್ಮ,” ಎಂದ. ವ್ಯಾನು ಕೇಳಿಸಿಕೊಂಡಿತು. ತಮ್ಮನೂ ಕೇಳಿಸಿಕೊಂಡ.

ಹೀಗಿರುವಾಗ, ಆ ಕೊನೆಯ ವಾರ, ಚರ್ಚಿನ ಫಾದರ್ ತಾವೇ ಯೇಸುಸ್ವಾಮಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಸೀಟ್ ಬೆಲ್ಟ್ ಹಾಕಿ ಕರೆತಂದರು.

ಸತ್ತ ಮೂರನೆಯ ದಿನ ಎದ್ದು ಬಂದ ಪುನರುತ್ಥಾನದ ಯೇಸುವಿನ ಮರದ ಪ್ರತಿಮೆ, ನಾಲ್ಕೂವರೆ ಅಡಿ. ಚರ್ಚಿನ ಮಾಡು ಸೋರಿ ಬಣ್ಣವೆಲ್ಲ ಹಪ್ಪಳಿಕೆಯೆದ್ದಿತ್ತು. ಕೈಗಳು ಮೇಣದಬತ್ತಿಯ ಹೊಗೆಗೂ ಭಕ್ತರ ಬೆರಳುಗಳಿಗೂ ಕಪ್ಪಾಗಿ, ಎಲ್ಲಿ ಅಂಗೈ, ಎಲ್ಲಿ ಮಸಿ ಎಂದು ಹೇಳುವಂತಿರಲಿಲ್ಲ.

“ಮಾಡು ರಿಪೇರಿ ಮುಗೀತು. ಭಾನುವಾರ ಎಂಟು ಗಂಟೆಗೆ ಮತ್ತೆ ಪೀಠದ ಮೇಲೆ ನಿಲ್ಲಿಸಬೇಕು,” ಎಂದರು ಫಾದರ್. ವಯಸ್ಸು ಚಿಕ್ಕದು, ಆತುರ ದೊಡ್ಡದು. “ಆಗುತ್ತಾ?”

“ಹೊಸ ಗಾಡಿ ಥರ ಮಾಡಿಕೊಡ್ತೀನಿ ಫಾದರ್,” ಎಂದ ಪೇಂಟರ್ ಮಾಸ್ಕಿನೊಳಗಿಂದ.

ಮಾಡಿದ್ದೂ ಹಾಗೆಯೇ, ಅದೇ ಎಡವಟ್ಟಾದದ್ದು. ಪೇಂಟರ್ ಕಲಿತ ವಿದ್ಯೆಗೆ ಒಂದು ಸೂತ್ರವಿತ್ತು: ಇಡೀ ಗಾಡಿ ನೋಡಬೇಡ, ಅಂಗೈಯಗಲ ನೋಡು. ಕೆಲಸ ಮಾಡುವ ಜಾಗವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಾಗದ ಅಂಟಿಸಿ ಮುಚ್ಚಬೇಕು. ದೀಪವನ್ನು ಓರೆಯಾಗಿ ಹಿಡಿದು, ಎಲ್ಲಿ ನೆರಳು ಬಿದ್ದರೂ ಸೀಮೆಸುಣ್ಣದಿಂದ ಸುತ್ತು ಹಾಕಬೇಕು. ಸುತ್ತಿನೊಳಗೆ ಪುಟ್ಟಿ ತುಂಬಿ, ಎಂಬತ್ತನೇ ನಂಬರಿನ ಮರಳು ಕಾಗದದಿಂದ ಶುರುಮಾಡಿ ನಾನೂರರವರೆಗೆ ಉಜ್ಜಬೇಕು. ಕಣ್ಣು ಮುಚ್ಚಿ ಸವರಿದರೂ ಬೆರಳಿಗೆ ಸಿಗಬಾರದು. ಅವನು ಹಾಗೆಯೇ ಪ್ರತಿಮೆಯನ್ನು ಅಂಗೈಯಗಲ ಅಂಗೈಯಗಲವಾಗಿ ನೋಡುತ್ತ ಹೋದ. ಒಟ್ಟು ಮೂವತ್ತೇಳು ಸುತ್ತು ಬಿದ್ದವು. ಮೂವತ್ತೇಳನ್ನೂ ತುಂಬಿದ, ಉಜ್ಜಿದ, ಬಣ್ಣ ಹೊಡೆದ.

ಶುಕ್ರವಾರ ಮಧ್ಯಾಹ್ನ ಕಾಗದವೆಲ್ಲ ಕಿತ್ತು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಅಂಥ ನುಣುಪು ಯಾವ ಕಾರಿಗೂ ಬಂದಿರಲಿಲ್ಲ. ಆದರೂ ಏನೋ ಒಂದು ಕಡಿಮೆಯಿದೆ ಅನ್ನಿಸಿತು. ಕಣ್ಣಿನ ರೆಪ್ಪೆಗೂದಲಿರಬೇಕು ಎಂದುಕೊಂಡು, ಸಣ್ಣ ಕುಂಚ ತೆಗೆದುಕೊಂಡು ರೆಪ್ಪೆ ಬರೆದ.

ವರ್ಕ್‌ಶಾಪಿನ ಹಿಂದೆಯೇ ಮನೆ. ನಾಲ್ಕು ಗಂಟೆಗೆ ಅಮ್ಮ ಗೋಡೆ ಹಿಡಿದುಕೊಂಡು ಬಂದಳು. ಪೊರೆ ಬಂದು ಅವಳ ಎರಡು ಕಣ್ಣಿಗೂ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿತ್ತು.

“ಎಲ್ಲೋ ಸ್ವಾಮಿ?”

“ನಿನ್ನ ಎದುರಿಗೇ ಇದಾನೆ. ಒಣಗಿದೆ, ಮುಟ್ಟು.”

ಐವತ್ತು ವರ್ಷದಿಂದ ಅಮ್ಮ ಪೂಜೆ ಮುಗಿದ ಮೇಲೆ ಮಾಡುತ್ತಿದ್ದದ್ದು ಒಂದೇ. ಪ್ರತಿಮೆಯ ಬಲಗೈಯ ಮೊಳೆಗಾಯದಲ್ಲಿ ತೋರುಬೆರಳಿಟ್ಟು, ಆ ವಾರದ ದೂರುಗಳನ್ನೆಲ್ಲ ಹೇಳುವುದು. ಈಗಲೂ ಬೆರಳು ಚಾಚಿದಳು. ಬೆರಳು ಅಂಗೈಯ ಮೇಲೆ ಜಾರಿತು. ಹಿಂದೆ ಬಂತು. ಇನ್ನೊಮ್ಮೆ ಜಾರಿತು. ಎಡಗೈ ಹುಡುಕಿದಳು. ಪಕ್ಕೆ ತಡವಿದಳು. ಕಷ್ಟಪಟ್ಟು ಬಗ್ಗಿ ಪಾದ ಮುಟ್ಟಿದಳು.

“ಇವನು ಯಾರು?” ಎಂದು ಕೇಳಿದಳು.

“ಯೇಸುಸ್ವಾಮಿ ಕಣಮ್ಮ.”

“ಅಲ್ಲ. ಯಾರೋ ಉಳ್ಳವರ ಮನೆ ಮಗ. ಬದುಕಿನಲ್ಲಿ ಒಂದು ದಿನ ಕೆಲಸ ಮಾಡಿದ ಕೈ ಅಲ್ಲ ಇದು.” ಮಗನ ಕಡೆ ತಿರುಗಿದಳು. “ಚಿಕ್ಕೋನೆ, ಗಾಯ ಎಲ್ಲಿ?”

ಪೇಂಟರ್ ಪ್ರತಿಮೆ ನೋಡಿದ. ಮನಸ್ಸಿನಲ್ಲಿ ಮೂವತ್ತೇಳು ಸುತ್ತುಗಳನ್ನು ಎಣಿಸಿದ. ಅದರಲ್ಲಿ ಐದು ಸುತ್ತು ಶಿಲುಬೆಯ ಗಾಯಗಳೆಂದು ಹೊಳೆದಾಗ, ಮಾಸ್ಕಿನೊಳಗೆ ಅವನ ಬಾಯಿ ತೆರೆದದ್ದು ಹಾಗೇ ಇತ್ತು.

“ರಿಪೇರಿ ಮಾಡಿಬಿಟ್ಟೆ,” ಎಂದ.

ಅತ್ತಿಗೆ ಟೀ ತಂದವಳು ಬಾಗಿಲಲ್ಲೇ ನಿಂತಿದ್ದಳು. ಲೋಟಗಳನ್ನು ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಮನೆಯ ಕಡೆ ಓಡಿದಳು. ಅವಳ ನಗು ಹಿತ್ತಲಿನಿಂದ ಬಹಳ ಹೊತ್ತು ಕೇಳಿಸಿತು.

ಆ ಸಂಜೆಯೇ ಪೇಂಟರ್ ಡ್ರಿಲ್ಲು ತೆಗೆದುಕೊಂಡು ಬಲಗೈಗೆ ಒಂದು ತೂತು ಕೊರೆದ. ಅದು ನಂಬರ್ ಪ್ಲೇಟಿನ ಸ್ಕ್ರೂ ಹಾಕುವ ತೂತಿನ ಹಾಗೆ ಗುಂಡಗೆ, ನಾಜೂಕಾಗಿ ಬಂತು. ಒಳಗೆ ಕೆಂಪು ಬಳಿದ. ಕಾರಿನ ಹಿಂದಿನ ದೀಪದಂತೆ ಹೊಳೆಯಿತು. ಅಮ್ಮ ಬೆರಳಿಟ್ಟು ನೋಡಿ, “ಇದು ಗಾಯ ಅಲ್ಲ, ಕಾಲಿಂಗ್ ಬೆಲ್ಲು,” ಎಂದಳು. ತಗ್ಗು ಗೀರುಗಳನ್ನು ಇಪ್ಪತ್ತು ವರ್ಷದಿಂದ ಮುಚ್ಚುತ್ತಲೇ ಬಂದ ಕೈಗೆ ಗಾಯವೆಂದರೆ ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು.

ಶನಿವಾರ ಬೆಳಿಗ್ಗೆ ಧೈರ್ಯ ಮಾಡಿ ಫಾದರಿಗೆ ಫೋನ್ ಮಾಡಿದ.

“ಫಾದರ್, ಸ್ವಾಮಿ ಸಾವನ್ನೇ ಗೆದ್ದು ಬಂದವನಲ್ವಾ? ಗಾಯನೂ ವಾಸಿಯಾಗಿರಬೇಕಲ್ಲ. ಗಾಯ ಇಲ್ಲದೆ ನಡೆಯುತ್ತಾ?”

ಆ ಕಡೆ ಫಾದರ್ ಏಣಿ ಇಳಿಯುವ ಸದ್ದಾಯಿತು.

“ಏನು ಮಾಡಿದೀಯಪ್ಪ?”

ಪೇಂಟರ್ ಹೇಳಿದ.

“ಭಾನುವಾರ ಪೂಜೆಯಲ್ಲಿ ಮಾಡೋ ಪ್ರಸಂಗ ಆ ಗಾಯಗಳ ಮೇಲೇ ಬರೆದಿಟ್ಟಿದೀನಿ,” ಎಂದರು ಫಾದರ್, ಅಳುವವರ ಹಾಗೆ. “ನಾಲ್ಕು ಪುಟ.” ಆಮೇಲೆ ಸಾವರಿಸಿಕೊಂಡು ಹೇಳಿದರು, “ನೋಡು, ಸಮಾಧಿಯಲ್ಲಿ ಸುತ್ತಿದ್ದ ಬಟ್ಟೆನ ಅಲ್ಲೇ ಬಿಟ್ಟು ಬಂದ. ಗಾಯಾನೂ ಬಿಟ್ಟು ಬರಬಹುದಿತ್ತು. ಕುರುಡರಿಗೆ ಕಣ್ಣು ಕೊಟ್ಟವನಿಗೆ ಅದೇನು ದೊಡ್ಡದಾ? ಬಿಡಲಿಲ್ಲ. ಬಾಗಿಲು ಹಾಕಿಕೊಂಡು ಹೆದರಿ ಕೂತಿದ್ದ ಶಿಷ್ಯರ ಹತ್ತಿರ ಹೋಗಿ ಮೊದಲು ತೋರಿಸಿದ್ದು ಕೈನೇ. ನಂಬದಿದ್ದ ಶಿಷ್ಯ ತೋಮನಿಗಂತೂ ಮುಟ್ಟಿ ನೋಡು ಅಂದ. ಹೊಸ ಗಾಡಿ ಥರ ಬಂದಿದ್ರೆ ಅವರು ಗುರುತೇ ಹಿಡೀತಿರಲಿಲ್ಲ.”

“ಹಂಗಾದ್ರೆ ಅದು ಉಳಿದುಹೋದದ್ದಲ್ಲ. ಉಳಿಸಿಕೊಂಡದ್ದು.”

“ಇದೊಂದು ಸಾಲಿಗೆ ನಾನು ನಾಲ್ಕು ಪುಟ ಬರೆದೆ,” ಎಂದರು ಫಾದರ್. “ನಾಳೆ ಎಂಟು ಗಂಟೆ. ಮರೀಬೇಡ.”

ಪೇಂಟರ್ ಫೋನು ಕೆಳಗಿಟ್ಟ. ವಾರಕ್ಕೊಮ್ಮೆ ತಪ್ಪದೆ ಚರ್ಚಿಗೆ ಹೋಗಿದ್ದರೂ ದೇವರು ತನ್ನ ಹಾಗೆ ನೋವುಂಡವನು ಎಂದು ಅವನು ಎಂದೂ ಕೂತು ಯೋಚಿಸಿರಲಿಲ್ಲ. ಯೋಚಿಸಿದ್ದೆಲ್ಲ ದೇವರಿಗೆ ಮೂರೇ ದಿನದಲ್ಲಿ ಎಲ್ಲ ಸರಿಯಾಯಿತು, ತನಗೆ ಹನ್ನೊಂದು ವರ್ಷವಾದರೂ ಇಲ್ಲ ಎಂದು. ಸರಿಯಾಗಿಯೂ ಗುರುತು ಇಟ್ಟುಕೊಳ್ಳಬಹುದು ಎನ್ನುವುದು ಅವನ ಕಸುಬಿಗೇ ವಿರುದ್ಧವಾದ ಮಾತು.

ಈಗ ಉಳಿದದ್ದು ಒಂದೇ ದಾರಿ. ಉಬ್ಬು, ತಗ್ಗು, ಅಂಚು ಇವೆಲ್ಲ ಕೈಯಲ್ಲಿ ಮೂಡಬೇಕೆಂದರೆ ಆ ಮನೆಯಲ್ಲಿ ಅಂಥ ಕೈ ಒಂದೇ. ಅಣ್ಣ ಮೂಲೆಯಲ್ಲಿ ಬಂಪರು ಬಡಿಯುತ್ತಿದ್ದ. ಪೇಂಟರ್ ಪ್ರತಿಮೆಯನ್ನು ಅವನ ಬೆಂಚಿನ ಬಳಿಗೆ ತಂದು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಪ್ರತಿಮೆಗೆ ಹೇಳಿದ:

“ಸ್ವಾಮಿ, ನಿನ್ನ ಗಾಯ ಮಾಡೋಕೆ ನನ್ನ ಕೈಯಲ್ಲಿ ಆಗ್ತಾ ಇಲ್ಲ. ಆಗೋರು ಮಾಡಿಕೊಡ್ತಾರಾ ಅಂತ ಕೇಳು.”

ಅಣ್ಣ ಸುತ್ತಿಗೆ ನಿಲ್ಲಿಸಿದ. “ಸ್ವಾಮಿ, ಆಗಲ್ಲ ಅಂತ ಹೇಳು,” ಎಂದ ಪ್ರತಿಮೆಗೆ.

“ಯಾಕೆ ಅಂತ ಕೇಳು.”

ಬಾಗಿಲ ಬಳಿ ಸ್ಟೂಲಿನ ಮೇಲೆ ಬಿಸಿಲು ಕಾಯುತ್ತಿದ್ದ ಅಮ್ಮ ಕೋಲು ಕುಟ್ಟಿದಳು. “ಲೋ, ಸ್ವಾಮಿ ದೇವರಿಗೂ ನಮಗೂ ಮಧ್ಯಸ್ಥ ಅನ್ನೋದು ನಿಜ. ಹಂಗಂತ ಟೆಲಿಫೋನ್ ಮಾಡ್ಕೊಂಡ್ರೆ ಬೆನ್ನ ಮೇಲೆ ಕೋಲು ಮುರೀತೀನಿ. ಕಾರಿನ ಹತ್ರ ಮಾತಾಡ್ಕೊಳ್ಳಿ, ಪಾಪ ಅದಕ್ಕೆ ಬುದ್ಧಿಯಿಲ್ಲ. ಇವನ ಮುಂದೆ ನಡೆಯಲ್ಲ.”

ಅಣ್ಣ ತನ್ನ ಅಂಗೈ ನೋಡಿಕೊಂಡ. ಆಮೇಲೆ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ತಮ್ಮನ ಕಡೆ ನೋಡಿಯೇ ಹೇಳಿದ:

“ಈ ಕೈಯಿಂದ ಒಂದು ಗಾಯ ಆಗಿದ್ದು ಸಾಕು. ಇನ್ನೊಂದು ಮಾಡಲ್ಲ.”

ಪೇಂಟರಿಗೆ ತಿಳಿದದ್ದು ಕೆಲಸವೊಂದೇ. “ಕೊರೆಯೋದು ನಾನು ಕೊರೀತೀನಿ,” ಎಂದ. “ಅಂಚು ಕಟ್ಟೋದು ಮಾತ್ರ ನಿಂದು. ಅದು ಗಾಯ ಮಾಡೋದಲ್ಲ, ಮಾಗಿಸೋದು.”

ಅಣ್ಣ ಬಂಪರನ್ನು ಪಕ್ಕಕ್ಕಿಟ್ಟ.

ಪುಟ್ಟಿಗೆ ಗಟ್ಟಿಮಾಡುವ ಮದ್ದನ್ನು ನೂರಕ್ಕೆ ಎರಡರಷ್ಟು ಬೆರೆಸಿದರೆ ಕೈಯಲ್ಲಿ ನಾಲ್ಕು ನಿಮಿಷ ಸಿಗುತ್ತದೆ. ಅಷ್ಟರೊಳಗೆ ಅದು ಬಿಸಿಯೇರಿ, ರಬ್ಬರಾಗಿ, ಕಲ್ಲಾಗುತ್ತದೆ. ನಾಲ್ಕು ನಿಮಿಷದಲ್ಲಿ ‘ಹೇಳು ಅಂತ ಹೇಳು’ ಎಂದು ಸುತ್ತುಬಳಸಿ ಮಾತಾಡಲು ಪುರುಸೊತ್ತಿಲ್ಲ. ಪೇಂಟರ್ ಬಲಗೈಯ ‘ಕಾಲಿಂಗ್ ಬೆಲ್ಲನ್ನು’ ಉಳಿಯಿಂದ ಅಗಲ ಮಾಡಿ ಪುಟ್ಟಿ ಕಲಸಿಕೊಟ್ಟ. ಅಣ್ಣ ಅದನ್ನು ಗಾಯದ ಸುತ್ತ ಮೆತ್ತಿ ಹೆಬ್ಬೆರಳಿನಿಂದ ಒತ್ತತೊಡಗಿದ.

“ಅಂಚು ಎಷ್ಟು ಎತ್ತರ ಇರಬೇಕು?”

“ಸ್ವಲ್ಪ.”

“ಸ್ವಲ್ಪ ಅಂದ್ರೆ ಎಷ್ಟಪ್ಪ? ಮಾಗಿದ ಗಾಯ ನಾನು ಎಲ್ಲಿ ನೋಡಿದೀನಿ? ಒಳಕ್ಕೆ ಎಳ್ಕೊಂಡಿರುತ್ತಾ, ಮೇಲಕ್ಕೆ ಎದ್ದಿರುತ್ತಾ?”

“ಮೇಲಕ್ಕೆ. ನಡುವೆ ನುಣುಪು. ಅಂಚಿನಲ್ಲಿ ಹುರಿ ಹಾಕಿದ ಹಾಗೆ.”

“ಯಾವ ಹುರಿ? ದಾರದ್ದಾ, ಹಗ್ಗದ್ದಾ? ಗಟ್ಟಿಯಾಗ್ತಾ ಇದೆ, ಬೇಗ ಹೇಳು.”

ಬಾಯಲ್ಲಿ ಹೇಳಿದರೆ ಅಳತೆ ಸಿಗುವುದಿಲ್ಲ. ಪೇಂಟರ್ ಮಾಸ್ಕಿನ ಪಟ್ಟಿಯನ್ನು ತಲೆಯ ಹಿಂದಿನಿಂದ ಎತ್ತಿ, ತೆಗೆದು ಬೆಂಚಿನ ಮೇಲಿಟ್ಟು, ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿದ.

ಅಣ್ಣ ನೋಡಿದ. ಟಿಂಕರ್ ಒಂದು ತಗಡನ್ನು ನೋಡುವ ಹಾಗೆ, ಮೊದಲು ದೂರದಿಂದ, ಆಮೇಲೆ ಓರೆಯಿಂದ, ಕೊನೆಗೆ ಹತ್ತಿರದಿಂದ. ಕೈಯಲ್ಲಿದ್ದ ಪುಟ್ಟಿ ಕಲ್ಲಾಯಿತು. ಎಸೆದ.

“ನಾನು ಅಂದ್ಕೊಂಡಷ್ಟು ಇಲ್ಲ,” ಎಂದ.

“ಎಷ್ಟು ಅಂದ್ಕೊಂಡಿದ್ದೆ?”

“ಲಾರಿ ಗುದ್ದಿದ ಬಾಗಿಲಿನ ಹಾಗೆ.”

“ಈಗ?”

“ಸ್ಕೂಟರ್.”

ಅಮ್ಮ ಸ್ಟೂಲಿನ ಮೇಲೆ ಕಿವಿ ಚುರುಕು ಮಾಡಿಕೊಂಡಳು. ಅವಳು ಬಾಯಿ ಮುಚ್ಚಿಕೊಂಡಿದ್ದದ್ದು ಆ ಮನೆಯ ಇತಿಹಾಸದಲ್ಲಿ ಅಪರೂಪ.

ಎರಡನೆಯ ಸಲ ಪುಟ್ಟಿ ಕಲಸಿದರು. ಅಣ್ಣ ಎಡಗೈಯ ತೋರುಬೆರಳಿನಿಂದ ತಮ್ಮನ ಕೆನ್ನೆಯ ಅಂಚನ್ನು ಸವರುತ್ತ, ಬಲಗೈಯಿಂದ ಪ್ರತಿಮೆಯ ಅಂಗೈಯಲ್ಲಿ ಅದನ್ನೇ ಕಟ್ಟುತ್ತ ಹೋದ. “ಒಂದೂವರೆ ಮಿಲಿಮೀಟರು,” ಎಂದು ಗೊಣಗಿದ. “ಇಲ್ಲಿ ಎರಡು. ಅಲ್ಲಾಡಬೇಡ. ಉಸಿರಾಡಬೇಡ ಅಂದೆನಾ? ಉಸಿರಾಡು.” ಒಂದು ಕೈ ಮುಗಿಯಿತು. ಇನ್ನೊಂದು ಕೈ ಮುಗಿಯಿತು. ಬಲಗಾಲೂ ಆಯಿತು. ಈ ಬೆರಳು ಕೆನ್ನೆಯ ಮೇಲೆ ಇಷ್ಟು ಹಗುರವಾಗಿ ನಡೆಯುತ್ತಿರುವಾಗಲೂ ಹೇಳದಿದ್ದರೆ ಸೋಮವಾರ ಗಾಜಿನ ಕೋಣೆಗೆ ಹೋಗಿ ಸಾಯುವತನಕ ಅಲ್ಲೇ ಇರಬೇಕಾಗುತ್ತದೆ ಎಂದು ಅವನಿಗೆ ಗೊತ್ತಾಯಿತು. ಎಡಗಾಲಿಗೆ ಪುಟ್ಟಿ ಕಲಸಿಕೊಟ್ಟು, ಅಣ್ಣ ಬಗ್ಗಿ ಒತ್ತುತ್ತಿರುವಾಗ ಹೇಳಿಬಿಟ್ಟ:

“ತಣ್ಣಗಾಗಿದೆ, ತೆಗಿ ಅಂದಿದ್ದು ನಾನು. ಪೈಪು ಮುಟ್ಟಿ ನೋಡಿರಲಿಲ್ಲ.”

ಅಣ್ಣನ ಹೆಬ್ಬೆರಳು ಪುಟ್ಟಿಯ ಮೇಲೆ ನಿಂತಿತು. ಅವನು ತಲೆಯೆತ್ತಲಿಲ್ಲ.

“ಗೊತ್ತು,” ಎಂದ.

“ಗೊತ್ತಾ?”

“ನಾನು ಕೇಳಿದೆ, ನೀನು ಆಗಿದೆ ಅಂದೆ. ನನಗೇನು ಕಿವುಡಾ?”

“ಮತ್ತೆ ಎಲ್ಲರೂ ನಿನ್ನೇ ಬೈದಾಗ ಯಾಕೆ ಹೇಳಲಿಲ್ಲ?”

“ಮುಖ ಬೇಯಿಸ್ಕೊಂಡು ಮಲಗಿರೋನ ಮುಂದೆ ನಿಂತು ತಪ್ಪು ನಿಂದೇ ಅಂತ ಹೇಗೋ ಹೇಳೋದು? ನಂದು ಅನ್ನೋಣ ಅಂದ್ರೆ ಅದು ಪೂರ್ತಿ ನಿಜ ಅಲ್ಲ. ಅರ್ಧ ನಿಜ ಹೇಳೋಕೆ ಬರಲಿಲ್ಲ, ಸುಮ್ಮನಾದೆ. ನೀನು ಮಾತು ಬಿಟ್ಟೆ. ನನ್ನ ಮೇಲೆ ಸಿಟ್ಟು ಅಂದ್ಕೊಂಡೆ.”

“ನನ್ನ ಮೇಲೇ ನನಗೆ ಸಿಟ್ಟು. ನಾನೂ ನೀನು ಸಿಟ್ಟಲ್ಲಿದೀಯ ಅಂದ್ಕೊಂಡೆ.”

“ನಾನು ದೊಡ್ಡೋನು. ಕೇಳಿದ ಮೇಲೂ ನಾನೇ ಒಂದು ಸಲ ಮುಟ್ಟಿ ನೋಡಬೇಕಿತ್ತು.”

“ಅದಂತೂ ನಿಜ,” ಎಂದ ತಮ್ಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. 

ಅಣ್ಣನ ಹೆಗಲು ಅಲುಗಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲು ಪೇಂಟರ್ ಬಗ್ಗಿ ನೋಡಬೇಕಾಯಿತು. ಎರಡೂ ಸ್ವಲ್ಪ ಸ್ವಲ್ಪ. ಅಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಅಣ್ಣ ಕೈಯೆತ್ತಿದಾಗ ಎಡಗಾಲಿನ ಗಾಯದ ನಡುವೆ ಹೆಬ್ಬೆರಳಿನ ಗೆರೆಗಳೆಲ್ಲ ಅಚ್ಚಾಗಿ ಕೂತಿದ್ದವು.

“ಕಿತ್ತು ಮತ್ತೆ ಮಾಡಬೇಕು,” ಎಂದ ಅಣ್ಣ.

“ಬೇಡ ಬಿಡು. ಅದು ಹಾಗೇ ಇರಲಿ,” ಎಂದ ತಮ್ಮ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅವನು ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ.

ಪಕ್ಕೆಯ ಗಾಯ ಮುಗಿಸಿ ಬಣ್ಣಕ್ಕೆ ಬಂದರು. ಕೆಂಪು ಸರಿಯಲ್ಲ, ಅದು ಹಸಿಗಾಯಕ್ಕೆ. ಪೇಂಟರ್ ಒಂದು ಕಾರಿನ ಕನ್ನಡಿ ತಿರುಗಿಸಿಕೊಂಡು, ಬಣ್ಣ ಕಲಸಿದ ಕಡ್ಡಿಯನ್ನು ಕೆನ್ನೆಯ ಪಕ್ಕ ಹಿಡಿದು ಹೋಲಿಸಿದ. ಸ್ವಲ್ಪ ಬಿಳಿ ಬೆರೆಸಿದ. ಒಂದು ಹನಿ ಕಂದು. ಸುಟ್ಟ ಚರ್ಮಕ್ಕೆ ಒಂದೇ ಬಣ್ಣವಿಲ್ಲ, ನಾಲ್ಕು ಇವೆ, ಕಿವಿಯ ಬಳಿ ಐದನೆಯದೊಂದು ಎಂದು ಅವನಿಗೆ ಆವತ್ತು ತಿಳಿಯಿತು. ಹನ್ನೊಂದು ವರ್ಷ ಆ ಕೆನ್ನೆಯನ್ನು ಕನ್ನಡಿಯಲ್ಲಿ ಕಂಡಾಗಲೆಲ್ಲ ಕಣ್ಣು ತಿರುಗಿಸಿದ್ದ. ಕೆಲಸಕ್ಕೆಂದು ನೋಡಿದಾಗ ಅದು ಬರೀ ಚರ್ಮ, ಮಾಗಿದ ಚರ್ಮ.

ಸಂಜೆ ಬಣ್ಣ ಕೈಗೆ ಅಂಟದಷ್ಟು ಒಣಗಿದ ಮೇಲೆ ಅಮ್ಮನನ್ನು ಕರೆದು ಮುಟ್ಟಿಸಿದರು. ಅವಳ ಬೆರಳು ಬಲಗೈಯ ಅಂಚಿನುದ್ದಕ್ಕೂ ನಿಧಾನವಾಗಿ ಸುತ್ತಿತು.

“ಹಳೇದು ಇಷ್ಟು ಮೆತ್ತಗಿರಲಿಲ್ಲ. ಹಳೇದು ಬರೀ ತೂತು,” ಎಂದಳು. ಇನ್ನೊಂದು ಸುತ್ತು ಬಂದಳು. ಮುಖ ಬೇರೆಯಾಯಿತು. “ಇದನ್ನ ನಾನು ಬಲ್ಲೆ. ಈ ಅಂಚಿಗೆ ನಾಲ್ಕು ತಿಂಗಳು ಮುಲಾಮು ಹಚ್ಚಿದೀನಿ.”

ಕೋಲನ್ನು ಇಬ್ಬರು ಮಕ್ಕಳ ಕಡೆ ಚಾಚಿದಳು.

“ಸ್ವಾಮಿಗೆ ನನ್ನ ಮಗನ ಗಾಯ ಹಾಕಿದೀರಾ?”

“ಬೇರೆ ಅಳತೆ ಇರಲಿಲ್ಲಮ್ಮ,” ಎಂದ ಅಣ್ಣ.

“ಅವನಿಗೇನೂ ಬೇಜಾರಿಲ್ಲ ಬಿಡು,” ಎಂದಳು ಅಮ್ಮ. “ಎಲ್ಲರದ್ದೂ ತಗೊಳ್ಳೋಕೇ ಬಂದೋನು ಅವನು,” ಎಂದು ಅಲ್ಲೇ ನಿಂತು, ಬೆರಳು ತೆಗೆಯದೆ, ವಾರದ ದೂರುಗಳನ್ನು ಶುರುಮಾಡಿದಳು. ಮೊದಲನೆಯದು ಸೊಸೆ ಹಿತ್ತಲಲ್ಲಿ ನಕ್ಕದ್ದು.

ಭಾನುವಾರ ಬೆಳಿಗ್ಗೆ ಪೇಂಟರ್ ಬಟ್ಟೆಯ ಮಾಸ್ಕು ಹಾಕಿಕೊಂಡೇ ಹೊರಟ. ಮನಸ್ಸು ಬದಲಾದಷ್ಟು ಬೇಗ ಕೈಯ ರೂಢಿ ಬದಲಾಗುವುದಿಲ್ಲ. ಚರ್ಚಿನಲ್ಲಿ ಫಾದರ್ ಪ್ರತಿಮೆಯ ಮುಸುಕು ತೆಗೆಯಲು ಅವನನ್ನೇ ಕರೆದರು. ಹೋಗಿ ಬಟ್ಟೆ ಎಳೆದ. ಆ ಅಂಗೈ ಅವನ ಕಣ್ಣಿನ ಮಟ್ಟಕ್ಕೇ ಇತ್ತು. ಒಂದೂವರೆ ಮಿಲಿಮೀಟರು, ಅಲ್ಲಲ್ಲಿ ಎರಡು. ಇಷ್ಟು ಜನರ ಎದುರಿಗೆ ಸ್ವಾಮಿ ತನ್ನ ಗಾಯವನ್ನು ಕೈಚಾಚಿ ತೋರಿಸುತ್ತಿರುವಾಗ ತಾನು ಪಕ್ಕದಲ್ಲೇ ಅದನ್ನು ಮುಚ್ಚಿಕೊಂಡು ನಿಂತರೆ, ಅದು ಅವನು ಯಾರೋ ಗೊತ್ತಿಲ್ಲ ಎಂದ ಹಾಗೆ ಅನ್ನಿಸಿತು. ಮಾಸ್ಕು ತೆಗೆದು ಜೇಬಿಗೆ ತುರುಕಿ ಜನರ ಕಡೆ ತಿರುಗಿದ.

ಯಾರೂ ಅವನನ್ನು ನೋಡಲಿಲ್ಲ. ಹಿಂದಿನ ದಿನವಷ್ಟೇ ಹೊಡೆದ ಬಣ್ಣ, ಬಟ್ಟೆಯೊಳಗೆ ರಾತ್ರಿಯಿಡೀ ಕಟ್ಟಿಟ್ಟ ಥಿನ್ನರಿನ ಘಾಟು, ಒಂದೇ ಸಲ ಬಿಡುಗಡೆಯಾಗಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಡೆದುಹೋಗಿತ್ತು. ಇಡೀ ಸಭೆ ಕರವಸ್ತ್ರ, ಸೆರಗು, ಹಾಡಿನ ಹಾಳೆ, ಸಿಕ್ಕಿದ್ದರಲ್ಲಿ ಮೂಗು ಮುಚ್ಚಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತಿತ್ತು. ಬರಿ ಮುಖದಲ್ಲಿ ನಿಂತಿದ್ದವರು ಪೇಂಟರ್ ಮತ್ತು ಯೇಸುಸ್ವಾಮಿ ಇಬ್ಬರೇ. ಫಾದರ್ ನಾಲ್ಕು ಪುಟದ ಪ್ರಸಂಗವನ್ನು ಒಂದೂಕಾಲು ಪುಟಕ್ಕೆ ನಿಲ್ಲಿಸಿದರು. ಜನ ಅಳುತ್ತಿದ್ದದ್ದು ತನ್ನ ಮಾತಿಗೆ ಎಂದು ಅವರು ಆಮೇಲೂ ನಂಬಿದ್ದರು.

ಹೊರಗೆ ಮೆಟ್ಟಿಲ ಬಳಿ ಗಾಯನವೃಂದದ ಹಿರಿಯ ಹೆಂಗಸೊಬ್ಬರು ಪೇಂಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಣ್ಣನನ್ನು ಕೇಳಿದರು, “ಇವರು ಯಾರಪ್ಪಾ? ಊರಿಗೆ ಹೊಸಬರಾ?”

“ನನ್ನ ತಮ್ಮ,” ಎಂದ ಅಣ್ಣ.

“ಓ. ಆ ಅಲರ್ಜಿಯವನಾ?” ಎಂದು ಅವರು ಇನ್ನೊಮ್ಮೆ ನೋಡಿದರು. “ವಾಸಿಯಾಯ್ತಾ ಹಂಗಾದ್ರೆ?”

“ಈಗ ಆಗ್ತಾ ಇದೆ,” ಎಂದ ಪೇಂಟರ್.

ಮೂವರೂ ಮನೆಯ ಕಡೆ ನಡೆದರು, ನಡುವೆ ಅಮ್ಮ, ಒಂದೊಂದು ತೋಳಿಗೆ ಒಬ್ಬೊಬ್ಬ. ಸ್ವಲ್ಪ ದೂರ ಹೋದ ಮೇಲೆ ಅಣ್ಣ ಕೇಳಿದ, “ನಾಳೆ ಆ ಶೋರೂಮಿಗೆ ಎಷ್ಟು ಗಂಟೆಗೆ ಹೋಗಬೇಕು? ನಾನೇ ಬಿಟ್ಟು ಬರ್ತೀನಿ.”

“ಬರಲ್ಲ ಅಂತ ಬೆಳಿಗ್ಗೆನೇ ಫೋನ್ ಮಾಡಿ ಹೇಳಿದೆ.”

ಅಣ್ಣ ಗಂಟಲು ಕೆರೆದುಕೊಂಡು, “ಹೋಗಿದ್ರೇ ಒಳ್ಳೇದಿತ್ತು. ಸ್ವಾಮಿ ನಿಲುವಂಗಿಗೆ ಯಾರಾದ್ರೂ ಅಷ್ಟು ಹೊಳಪು ಹೊಡೀತಾರಾ? ಕಿಟಕಿ ಬೆಳಕು ಬಿದ್ದು ನನ್ನ ಕಣ್ಣೇ ಕುಕ್ಕಿತು,” ಎಂದ.

“ಹೊಳಪು ಬೇಡ ಅಂದ್ರೆ ನಿನ್ನೆ ಹೇಳಬೇಕಿತ್ತು.”

“ನಿನ್ನೆ ನೀನು ಕೇಳಿದ್ಯಾ?”

“ಕೇಳೋಕೆ ನೀನು ಪೇಂಟರಾ?”

“ಕಣ್ಣಿರೋರೆಲ್ಲ ನೋಡಬಹುದು, ಪೇಂಟರೇ ಆಗಬೇಕಾಗಿಲ್ಲ. ಮತ್ತೆ ಆ ರೆಪ್ಪೆಗೂದಲು ಯಾವ ಪುಣ್ಯಾತ್ಮ ಬರೆದಿದ್ದು?”

ಅಮ್ಮ ಇಬ್ಬರ ನಡುವೆ ನಡೆಯುತ್ತ, ಒಮ್ಮೆ ಈ ಕಿವಿಗೆ ಒಮ್ಮೆ ಆ ಕಿವಿಗೆ ಬೀಳುತ್ತಿದ್ದ ಮಾತನ್ನು ರಸ್ತೆ ತಿರುಗುವವರೆಗೂ ಕೇಳಿಸಿಕೊಂಡಳು.

“ಹನ್ನೊಂದು ವರ್ಷ,” ಎಂದಳು ಯಾರಿಗೂ ಅಲ್ಲದ ಹಾಗೆ, “ಮನೆ ಎಷ್ಟು ನೆಮ್ಮದಿಯಾಗಿತ್ತು.”